ಎರಡು ಚಮಚ ಸೋಡಾ

ಮನೆಮದ್ದು ಮೇಡಂ ಪಾರ್ಲರಿಗೆ ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ, ಅದೂ ತಲೆ ತುಂಬ ಶಾಲು ಹೊದ್ದುಕೊಂಡು. ಮೊಬೈಲಿನಲ್ಲಿ ಲಕ್ಷ ಜನರೆದುರು ಈರುಳ್ಳಿ ರಸ, ಬಾಳೆಹಣ್ಣು, ಮೊಟ್ಟೆ ಎಂದು ಇಡೀ ಅಡುಗೆಮನೆಯನ್ನೇ ತಲೆಗೆ ಮೆತ್ತಿಕೊಂಡು ತೋರಿಸುವ ಈ ಮಹಾತಾಯಿಯ ಕೂದಲು ನೆಟ್ಟಗಾಗಿದ್ದುದು ಪಾರ್ಲರಿನವಳ ಸ್ಟ್ರೈಟನರಿನಿಂದ, ಮೂಗು ಸುಡುವ ಕ್ರೀಮಿನಿಂದ. ಬೆನ್ನ ಮೇಲೆ ಇಳಿಬಿದ್ದಿದ್ದರಲ್ಲಿ ಅರ್ಧಕ್ಕರ್ಧ ಚೌರಿ. ಯಾರ ತಲೆಯದೋ ಏನೋ.

ಪಾರ್ಲರಿನವಳಿಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವಳನ್ನು ನಂಬುವವರನ್ನು ಕಂಡರೆ ಇನ್ನೂ ಹೆಚ್ಚು. ಬಿಸಿನೀರಲ್ಲಿ ತೊಳೆದು ಮೊಟ್ಟೆಯನ್ನು ನೆತ್ತಿಯ ಮೇಲೇ ಬೇಯಿಸಿಕೊಂಡು, "ಇದನ್ನೊಂಚೂರು ಬಿಡಿಸಿಕೊಡಿ" ಎಂದು ಬಂದು ಕೂರುವ ಹೆಂಗಸರು! "ಉಪ್ಪು ಖಾರ ಹಾಕ್ಕೊಳ್ಳೋದು ಮರೆತ್ರಾ?" ಎಂದು ಇವಳು ಕೇಳಿದರೆ ಅವರು ಹಲ್ಲು ಕಿರಿಯುತ್ತಿದ್ದರು. ಬೈದರೂ ನಗುವವರಿಗೆ ಇವಳೇಕೆ ಮರ್ಯಾದೆ ಕೊಟ್ಟಾಳು?

ಲೋಕದಲ್ಲಿ ಅವಳು ಮರ್ಯಾದೆ ಕೊಡುತ್ತಿದ್ದುದು ಒಂದೇ ಒಂದು ತಲೆಗೆ, ತಂಗಿಯ ತಲೆಗೆ. ಅಮ್ಮ ತೀರಿಕೊಂಡಾಗ ಮೋಟು ಜಡೆಯ ಐದು ವರ್ಷದ ಹುಡುಗಿ. ಅಂದಿನಿಂದ ಹೇನು ಹೆಕ್ಕಿ, ಸಿಕ್ಕು ಬಿಡಿಸಿ, ಸೊಂಟ ದಾಟುವಷ್ಟು ಬೆಳೆಸಿದ್ದು ಅಕ್ಕನೇ. ಅಂಗಡಿಯ ಯಾವ ಡಬ್ಬಿಯೂ ಆ ಕೂದಲಿಗೆ ತಾಗಕೂಡದೆಂದು ಕಟ್ಟಪ್ಪಣೆ ಬೇರೆ. ಇನ್ನು ಎಂಟು ದಿನಕ್ಕೆ ತಂಗಿಯ ಮದುವೆ. ಅಡುಗೆಯವರು ಬರಲಿ ಬಿಡಲಿ, ಆ ದಿನ ಆ ಜಡೆಯನ್ನು ತಾನೇ ಹೆಣೆಯಬೇಕು. ಮದುವೆಯಲ್ಲಿ ಅವಳಿಗೆ ಬೇಕಾಗಿದ್ದುದು ಅಷ್ಟೇ.

ಸೋಮವಾರ ಮೇಡಂ ಕುರ್ಚಿಯಲ್ಲಿ ಕೂತು ನಿಟ್ಟುಸಿರಿಟ್ಟಳು.

"ಈ ವಾರ ಏನು ಹೇಳ್ಲಿ ಅಂತಾನೇ ಹೊಳೀತಿಲ್ಲ ಕಣ್ರೀ. ಮೆಂತ್ಯ ಆಯ್ತು, ಮೊಸರಾಯ್ತು. ಅಡುಗೆಮನೇಲಿ ಇನ್ನೇನು ಉಳಿದಿದೆ ಹೇಳಿ?"

"ಮೊಟ್ಟೆ ಬಿಳಿ, ಜೇನುತುಪ್ಪ, ಎರಡು ಚಮಚ ಸೋಡಾ," ಎಂದಳು ಪಾರ್ಲರಿನವಳು, ನಗು ತಡೆದುಕೊಂಡು. "ಒಂದು ಗಂಟೆ ಬಟ್ಟೆ ಕಟ್ಕೊಂಡು ಕೂತ್ರೆ ಕನ್ನಡಿ ಥರ ಹೊಳೆಯುತ್ತೆ ಅನ್ನಿ."

ಬಾಯಿಗೆ ಬಂದದ್ದು, ಅಷ್ಟೇ. ಈ ಪೆದ್ದಿ ಎಲ್ಲಿಯವರೆಗೆ ನಂಬುತ್ತಾಳೆ ನೋಡೋಣ ಎಂಬ ಕುಚೇಷ್ಟೆ. ಯಾವ ಸೋಡಾ ಎಂದು ಮೇಡಂ ಕೇಳಲಿಲ್ಲ, ಇವಳೂ ಹೇಳಲಿಲ್ಲ. "ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ಮೇಡಂ ಶಾಲು ಹೊದ್ದು ಹೊರಟಳು. ಮರುದಿನ ವಿಡಿಯೋದಲ್ಲಿ ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ, ಜೊತೆಗೆ "ನಮ್ಮಜ್ಜಿ ಹೇಳಿಕೊಟ್ಟಿದ್ದು" ಎಂಬ ಒಗ್ಗರಣೆ. ಪಾರ್ಲರಿನವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಗುರುವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದರೆ ತಂಗಿ ಬಚ್ಚಲಲ್ಲಿ ಅಳುತ್ತಿದ್ದಳು. ನೆತ್ತಿ ಕೆಂಪಗೆ ಕೆಂಡವಾಗಿತ್ತು. ಬಾಚಣಿಗೆ ಎಳೆದಲ್ಲೆಲ್ಲ ಕೂದಲು ತುಂಡು ತುಂಡಾಗಿ ಕಿತ್ತು ಬರುತ್ತಿತ್ತು.

"ಏನೇ ಹಾಕ್ಕೊಂಡೆ?"

"ಸೋಡಾ... ಮೇಡಂ ಹೇಳಿದ್ರಲ್ಲ, ಅದು."

ಅಕ್ಕ ಪಕ್ಕದಲ್ಲಿ ತೆರೆದುಬಿದ್ದಿದ್ದ ನೀಲಿ ಡಬ್ಬಿಯನ್ನು ನೋಡಿದಳು. ಆ ಮನೆಯಲ್ಲಿ ಸೋಡಾ ಎಂದರೆ ಅದೊಂದೇ. ಪಾರ್ಲರಿನ ಟವೆಲ್ಲುಗಳನ್ನು ನೆನೆಹಾಕಿ ಕೊಳೆ ಬಿಡಿಸುವ ಬಟ್ಟೆಸೋಡಾ. ಅಡುಗೆಗೆ ಹಾಕುವ ಸೋಡಾಕ್ಕೆ ಅಮ್ಮನ ಕಾಲದಿಂದ ಅವರಲ್ಲಿ 'ಉಬ್ಬಿಸೋ ಪುಡಿ' ಎಂದೇ ಹೆಸರು. ತಂಗಿಯ ತಲೆ ಬಗ್ಗಿಸಿ ಚೊಂಬಿನ ಮೇಲೆ ಚೊಂಬು ತಣ್ಣೀರು ಸುರಿದಳು. ನೀರಿನ ಜೊತೆ ಹದಿನೆಂಟು ವರ್ಷದ ಕೂದಲು ಹೋಗಿ ಮೋರಿಯ ಜಾಲರಿಗೆ ಸುತ್ತಿಕೊಂಡಿತು.

"ಆ ಪೆದ್ದಿ ಮಾತು ನಂಬಿದ್ಯಲ್ಲೇ! ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

"ನೀನು ಬೈತೀಯ ಅಂತ ಗೊತ್ತಿತ್ತು ಅಕ್ಕ. ಆದ್ರೆ ಅವರ ಕೂದಲು ನೋಡಿದ್ಯಾ, ಎಷ್ಟು ಚೆನ್ನಾಗಿದೆ! ಅದನ್ನ ನೋಡೇ ನಂಬಿದ್ದು. ಮದುವೆ ದಿನ ನೀನು ಜಡೆ ಹಾಕೋವಾಗ ನಿಂಗೆ ಖುಷಿ ಆಗ್ಲಿ ಅಂತ..."

ಅಕ್ಕ ಇನ್ನೊಂದು ಚೊಂಬು ನೀರು ಸುರಿದಳು. ಅಷ್ಟರಲ್ಲಿ ಗೂಡಿನಲ್ಲಿಟ್ಟಿದ್ದ ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಹಿತ್ತಲ ಗಿರಾಕಿ' ಎಂದು ಬಂತು. ಅಕ್ಕನ ಕೈ ಒದ್ದೆಯಿದೆಯೆಂದು ತಂಗಿಯೇ ಸ್ಪೀಕರ್ ಒತ್ತಿ ಹಿಡಿದಳು.

"ಸೂಪರ್ ಹಿಟ್ ಕಣ್ರೀ!" ಲಕ್ಷ ಜನ ಕೇಳಿದ್ದ ಆ ದನಿಯನ್ನು ತಂಗಿ ತಕ್ಷಣ ಗುರುತು ಹಿಡಿದಳು. "ನೀವು ಹೇಳ್ಕೊಟ್ಟ ಸೋಡಾ ಇದ್ಯಲ್ಲ, ಎಲ್ರೂ ಅದನ್ನೇ ಕೇಳ್ತಿದಾರೆ. ಈ ಸೋಮವಾರ ನನ್ನ ಚೌರಿ ಸ್ವಲ್ಪ ಬಿಗಿ ಮಾಡ್ಕೊಡಿ. ಹಾಗೇ ಮುಂದಿನ ವಾರಕ್ಕೂ ಏನಾದ್ರೂ ಹೇಳಿ, ಆಯ್ತಾ?"

ತಂಗಿ ಫೋನನ್ನು ಮೆಲ್ಲಗೆ ಗೂಡಿನಲ್ಲಿಟ್ಟಳು. ಅಕ್ಕನ ಮುಖವನ್ನು ನೋಡುತ್ತ ನಿಂತಳು, ಅಕ್ಕ ತಲೆ ಎತ್ತಲಿಲ್ಲ.

"ತಮಾಷೆಗೆ ಹೇಳಿದ್ದು ಕಣೇ," ಎಂದಳು ಅಕ್ಕ. "ಬಾ, ಕೂತ್ಕೋ. ಕುತ್ತಿಗೆ ತನಕ ಕತ್ತರಿಸಿ ಸರಿ ಮಾಡ್ತೀನಿ. ಯಾರಿಗೂ ಗೊತ್ತಾಗದ ಹಾಗೆ ಮಾಡ್ತೀನಿ."

"ಬೇಡ," ಎಂದಳು ತಂಗಿ. "ಬೇರೆ ಪಾರ್ಲರಿಗೆ ಹೋಗ್ತೀನಿ. ಮದುವೆಗೂ ಅವರೇ ಮಾಡ್ಲಿ."

ಗೂಟದಲ್ಲಿದ್ದ ಶಾಲು ತೆಗೆದು ತಲೆ ತುಂಬ ಹೊದ್ದುಕೊಂಡು, ಯಾರೂ ನೋಡದಿರಲೆಂದು ಹಿತ್ತಲ ಬಾಗಿಲಿನಿಂದ ಹೊರಟುಹೋದಳು.