ತುರಂಗಪ್ಪನ ಹೆಲ್ಮೆಟ್

ನಾನು ಒಂದು ಹೆಲ್ಮೆಟ್. ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿದವನು. ಬಿಸಿ ಪ್ಲಾಸ್ಟಿಕ್ಕು ತಣ್ಣಗಾಗುತ್ತಲೇ ನನಗೆ ತಲೆಯ ಆಕಾರ ಬಂತು, ತಲೆ ಮಾತ್ರ ಬರಲಿಲ್ಲ. ಲಾರಿ ಹತ್ತಿ ಧಾರವಾಡಕ್ಕೆ ಬಂದೆ. ರಸ್ತೆ ಬದಿಯ ತಾಡಪತ್ರಿಯ ಮೇಲೆ ಅಣ್ಣತಮ್ಮಂದಿರ ಜೊತೆ ಬೋರಲು ಬಿದ್ದಿದ್ದಾಗ ಚನ್ನವೀರಪ್ಪ ಎಂಬವರು ನನ್ನನ್ನೆತ್ತಿ ಬೆರಳ ಗೆಣ್ಣಿನಿಂದ ಬಡಿದು ನೋಡಿದರು.

“ಗಟ್ಟಿ ಐತೇನೋ?”

“ನಿಮ್ಮ ತಲಿಗಿಂತ ಗಟ್ಟಿ ಐತ್ರಿ,” ಎಂದ ಮಾರುವವನು. ಚನ್ನವೀರಪ್ಪ ನಕ್ಕು ನನ್ನನ್ನು ಕೊಂಡರು.

ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಅವರ ಸ್ಕೂಟರಿನ ಕನ್ನಡಿಗೆ ನೇತುಬಿದ್ದೇ ನಾನು ಊರು ನೋಡಿದೆ. ದೂರದಲ್ಲಿ ಪೊಲೀಸರ ಟೋಪಿ ಕಂಡಾಗ ಮಾತ್ರ ಅವರ ತಲೆಗೇರುತ್ತಿದ್ದೆ. ಮುಂದೆ ಮಂಡಿನೋವು ಬಂದು ಅವರು ಸ್ಕೂಟರು ಮಾರಿದರು. ನಾನು ಅಟ್ಟ ಸೇರಿದೆ. ನನ್ನೊಳಗೆ ಬೆಳ್ಳುಳ್ಳಿ ತುಂಬಿಟ್ಟರು. ಅದೂ ಒಂದು ಬಾಳು, ದೂರುವಂಥದ್ದೇನಲ್ಲ. ವಾಸನೆ ಮಾತ್ರ ಬಹಳ.

ಒಂದು ದಿನ ಅವರ ಮಗಳು ಮಂದಾಕಿನಿ ಏಣಿ ಹಾಕಿ ಹತ್ತಿ ಬಂದಳು. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಇಡೀ ದಿನ ಸೂಜಿಗೆ ಹೆದರಿದ ಮುಖಗಳನ್ನೇ ನೋಡಿ ಮನೆಗೆ ಬಂದವಳು ಮೊಬೈಲ್ ಹಿಡಿದು ಕೂತರೆ ಒಂದೇ ನಗು. ಅವಳು ನೋಡುತ್ತಿದ್ದುದು ‘ನಭೋಯಾನ ಸಹಕಾರ ಸಂಘ ನಿಯಮಿತ’ ಎಂಬ ವೆಬ್ ಸರಣಿ. ತಾಲ್ಲೂಕಿನ ಸಹಕಾರ ಸಂಘವೊಂದು ಆಕಾಶನೌಕೆ ಕೊಂಡು ದಾರಿ ತಪ್ಪಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಕಥೆ. ಎಲ್ಲಿ ಇಳಿದರೂ ಸರ್ವಸದಸ್ಯರ ಸಭೆ ಕರೆಯುತ್ತಾರೆ; ಎಲ್ಲೂ ಕೋರಂಗೆ ಬೇಕಾದಷ್ಟು ಜನ ಸೇರುವುದಿಲ್ಲ. ಎಂಜಿನ್ನಿನಲ್ಲಿ ಒಬ್ಬ ಬ್ರಹ್ಮರಾಕ್ಷಸ ಮನೆ ಮಾಡಿದ್ದಾನೆ, ವಡೆ ಕೊಡದಿದ್ದರೆ ನೌಕೆ ಹೊರಡದು. ಅದನ್ನು ನಡೆಸುವವನೇ ತುರಂಗಪ್ಪ. ಅವನ ತಲೆಯ ಮೇಲೊಂದು ವಿಚಿತ್ರ ಹೆಲ್ಮೆಟ್.

ಕೊನೆಯ ಕಂತಿಗೆ ಅಭಿಮಾನಿಗಳೇ ವೇಷ ಹಾಕಿಕೊಂಡು ಬರಬೇಕೆಂದು ಸರಣಿಯವರು ಕರೆ ಕೊಟ್ಟಿದ್ದರು. ಮಂದಾಕಿನಿ ನನ್ನ ಬೆಳ್ಳುಳ್ಳಿ ಸುರಿದು, ತೊಳೆದು, ಬೆಳ್ಳಿ ಬಣ್ಣ ಬಳಿದಳು. ಎರಡೂ ಕಿವಿಯ ಜಾಗಕ್ಕೆ ಚಹಾ ಸೋಸುವ ಜಾಲರಿ, ಹಣೆಗೆ ಸೈಕಲ್ಲಿನ ಕೆಂಪು ಹೊಳಪುಬಿಲ್ಲೆ, ನೆತ್ತಿಗೆ ಪೆನ್ನಿನ ಸ್ಪ್ರಿಂಗು. ನನ್ನ ಒಳಗಿನ ಹಳೆಯ ಮೆತ್ತೆ ಕಿತ್ತು ಹೊಸ ಸ್ಪಂಜನ್ನು ಗೋಂದಿನಿಂದ ಅಂಟಿಸಿದಳು. ಸರಿಯಾಗಿ ಕೂರುವುದೋ ನೋಡೋಣವೆಂದು ಹಾಕಿಕೊಂಡಳು. ಗೋಂದು ಒಣಗಿರಲಿಲ್ಲ.

ಅಂದೇ ಅವಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಸಂಜೆ ಬರಬೇಕಾದವರು ಕಾರು ಸಿಕ್ಕಿತೆಂದು ಮಧ್ಯಾಹ್ನವೇ ಬಂದಿಳಿದರು.

ನಾನು ಅವಳ ತಲೆ ಬಿಟ್ಟು ಬರಲಿಲ್ಲ. ಅವಳ ತಾಯಿ ಶಾಂತವ್ವ ಎಳೆದರು. ಕೊಬ್ಬರಿ ಎಣ್ಣೆ ಹೊಯ್ದರು, ಮತ್ತೆ ಎಳೆದರು. ಕೂದಲು ಸ್ಪಂಜಿಗೆ ಅಂಟಿಕೊಂಡಿತ್ತು, ಮಂದಾಕಿನಿಯ ಕಣ್ಣಲ್ಲಿ ನೀರು. ಹೊರಗಿನಿಂದ ಚನ್ನವೀರಪ್ಪ ಕೂಗಿದರು: “ಚಹಾ ತರ್ರಿ!”

ಏನು ಮಾಡುವುದು? ಅವಳು ಟ್ರೇ ಹಿಡಿದು ನನ್ನ ಸಮೇತ ಹೊರಗೆ ನಡೆದಳು. ರೇಷ್ಮೆ ಸೀರೆ, ಮೇಲೆ ಬೆಳ್ಳಿ ಹೆಲ್ಮೆಟ್, ನೆತ್ತಿಯಲ್ಲಿ ತೂಗಾಡುವ ಸ್ಪ್ರಿಂಗು. ಚನ್ನವೀರಪ್ಪನವರ ಮುಖ ಕಪ್ಪಿಟ್ಟಿತು. ವರ ಸಂಗಮೇಶ ನೆಲ ನೋಡತೊಡಗಿದ. ಅವನ ಸೋದರಮಾವ ಗಂಟಲು ಸರಿಮಾಡಿಕೊಂಡು, “ನಾವು ಹುಡುಗಿ ಮಾರಿ ನೋಡಾಕ ಬಂದೇವ್ರಿ,” ಎಂದರು.

ವರನ ತಾಯಿ ಗಿರಿಜವ್ವ ಮಾತ್ರ ಎದ್ದು ಹತ್ತಿರ ಬಂದರು. ಕನ್ನಡಕ ಏರಿಸಿ ನನ್ನನ್ನು ಸುತ್ತಲೂ ನೋಡಿದರು.

“ಇದು ತುರಂಗಪ್ಪನ ಹೆಲ್ಮೆಟ್ ಅಲ್ಲೇನವ್ವಾ?”

ಮಂದಾಕಿನಿ ಹೌದೆಂದು ತಲೆಯಾಡಿಸಿದಳು, ಸ್ಪ್ರಿಂಗು ಕುಣಿಯಿತು.

“ಛಲೋ ಮಾಡಿದಿ. ಎಡಗಡೆ ಜಾಲರಿ ಒಂಚೂರು ಮ್ಯಾಲೆ ಇರಬೇಕಿತ್ತು ನೋಡು.”

ಅಡುಗೆಮನೆಯಲ್ಲಿ ಕತ್ತರಿ ಹಿಡಿದು, ಕೂದಲು ಹೆಚ್ಚು ಹೋಗದಂತೆ ಸ್ಪಂಜು ಕತ್ತರಿಸಿ ನನ್ನನ್ನು ಬಿಡಿಸಿದವರೂ ಅವರೇ. ಕತ್ತರಿಸುತ್ತ ಕತ್ತರಿಸುತ್ತ ಹೇಳಿದರು: “ನಾನೂ ನೋಡ್ತೇನಿ. ಮಗ ಆಫೀಸಿಗೆ ಹೋದ ಮ್ಯಾಲೆ, ಬಾಗಿಲಾ ಹಾಕ್ಕೊಂಡು. ಒಮ್ಮೆ ಅವನ ಮುಂದ ನಕ್ಕಿದ್ದೆ. ‘ಈ ವಯಸ್ಸಿನಾಗ ಇದೇನ ಹುಡುಗಾಟಾ’ ಅಂದ. ಅವರಪ್ಪ ತೀರಿದ ಮ್ಯಾಲೆ ನಾ ಮೊದಲ ಸಲ ನಕ್ಕಿದ್ದ ಅವತ್ತು. ಆಮ್ಯಾಲೆ ಬಾಯಿಗೆ ಸೆರಗ ಹಿಡಕೊಂಡು ನಗೂದು ಕಲತೆ.”

ಮಂದಾಕಿನಿ ಬ್ರಹ್ಮರಾಕ್ಷಸನ ದನಿಯಲ್ಲಿ ಮೆಲ್ಲಗೆ, “ವಡೆ ಎಲ್ಲಿ?” ಎಂದಳು. ಗಿರಿಜವ್ವನ ಕೈಯಿಂದ ಕತ್ತರಿ ಜಾರಿ ಬಿತ್ತು. ಅವರಿಬ್ಬರ ನಗು ಹೊರಗೆ ಕೂತವರಿಗೂ ಕೇಳಿಸಿರಬೇಕು.

ಸಂಬಂಧ ಕೂಡಲಿಲ್ಲ. ಚನ್ನವೀರಪ್ಪ ನನ್ನನ್ನು ಗುಜರಿಗೆ ಹಾಕುತ್ತೇನೆಂದು ಬಾಗಿಲ ಹೊರಗಿಟ್ಟರು. ಮೂರು ದಿನ ಅಪ್ಪ ಮಗಳು ಮಾತಾಡಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಫೋನು ಬಂತು.

“ನನ್ನ ಮಗ ಒಲ್ಲೆ ಅಂದಾನವ್ವಾ,” ಎಂದರು ಗಿರಿಜವ್ವ. “ನಾ ಒಲ್ಲೆ ಅಂದಿಲ್ಲ. ಶೂಟಿಂಗಿಗೆ ಯಾವಾಗ ಹೋಗೂಣು?”

ಮಂದಾಕಿನಿ ಓಡಿ ಬಂದು ನನ್ನನ್ನು ಎತ್ತಿಕೊಂಡಳು.

ಹುಬ್ಬಳ್ಳಿಯ ಮುಚ್ಚಿಹೋದ ಹತ್ತಿ ಗಿರಣಿಯೇ ಆ ದಿನ ಅನ್ಯಗ್ರಹ. ನಿರ್ದೇಶಕಿ ನನ್ನನ್ನು ಮೆಚ್ಚಿ ಮಂದಾಕಿನಿಗೆ ಒಂದು ಸಾಲಿನ ಸಂಭಾಷಣೆ ಕೊಟ್ಟಳು: “ಕೋರಂ ಇಲ್ಲ, ಸಭೆ ಮುಂದೂಡ್ರಿ.” ಅಷ್ಟೇ. ಆದರೆ ಕ್ಯಾಮೆರಾ ತನ್ನತ್ತ ತಿರುಗಿದೊಡನೆ ಹುಡುಗಿ ‘ಕೋರಂ’ ಎಂದಲ್ಲೇ ತೊದಲಿದಳು. ಮತ್ತೆ ಮತ್ತೆ ಆಡಿಸಿದರೂ ಬರಲಿಲ್ಲ. ಅವಳ ಹಣೆಯ ಬೆವರು ನನಗೆ ಮತ್ತೆ ಅಂಟಿಸಿದ ಮೆತ್ತೆಗೆ ಇಳಿಯಿತು. ತಾಳಲಾರದೆ ನನ್ನನ್ನು ತೆಗೆದು, ಪಕ್ಕದಲ್ಲಿದ್ದ ಗಿರಿಜವ್ವನ ತಲೆಗೆ ಇಟ್ಟುಬಿಟ್ಟಳು.

“ನೀವ ಹೇಳ್ರಿ, ಕಾಕು.”

“ನಾನೇನ?” ಎಂದರು ಗಿರಿಜವ್ವ. ಅವರ ತುರುಬಿನ ಮೇಲೆ ನಾನು ಸ್ವಲ್ಪ ಓರೆಯಾಗಿ ಕೂತೆ. ತಲೆ ನಡುಗುತ್ತಿತ್ತು. ಮಗನಿಗೆ ಹೇಳಿ ಬಂದಿರಲಿಲ್ಲ. ಕ್ಯಾಮೆರಾ ಹೊರಳಿತು. ಆ ತಲೆ ಒಮ್ಮೆಲೇ ನೆಟ್ಟಗೆ ನಿಂತಿತು.

“ಕೋರಂ ಇಲ್ಲ, ಸಭೆ ಮುಂದೂಡ್ರಿ,” ಎಂದರು. ತಮ್ಮ ಮಾತು ಮುಗಿದದ್ದು ಮರೆತು, “ಹಂಗಂತ ಹಂಗ ಹೋಗಬ್ಯಾಡ್ರಿ ಮತ್ತ. ಚಹಾ ಮಾಡೀವಿ, ಕುಡದ ಹೋಗ್ರಿ!” ಎಂದೂ ಸೇರಿಸಿದರು.

ಗಿರಣಿಯೇ ನಕ್ಕಿತು. ಗಿರಿಜವ್ವ ಸೆರಗಿಗೆ ಕೈ ಹಾಕಲಿಲ್ಲ, ಬಾಯ್ತುಂಬ ನಕ್ಕರು. ತಲೆಯ ಮೇಲಿದ್ದ ನಾನು ಗಡಗಡ ಅಲುಗಿದೆ. ಎಷ್ಟೋ ಕಲ್ಲು ರಸ್ತೆಯಲ್ಲಿ ಕುಲುಕಿದವನು ನಾನು, ಅಂಥ ಕುಲುಕಾಟ ಮತ್ತೆಲ್ಲೂ ಕಂಡಿಲ್ಲ.

ಕಂತು ಹೊರಬಂದ ದಿನ ಸಂಗಮೇಶ ಆಫೀಸಿನಿಂದ ಬೇಗ ಬಂದ. ಸಹೋದ್ಯೋಗಿಗಳು ಅವನಿಗೆ ತೋರಿಸಿದ್ದರು.

“ಅವ್ವಾ, ಇದನ್ನ ಯಾವಾಗ ಮಾಡಿದಿ?”

“ನೀ ಆಫೀಸಿಗೆ ಹೋದಾಗ.”

ಅವನು ಚೀಲ ಕೆಳಗಿಟ್ಟನಂತೆ. ಆಮೇಲೆ ಪಕ್ಕದಲ್ಲಿ ಕೂತು, “ಮೊದಲನೇ ಕಂತಿನಿಂದ ಹಚ್ಚು,” ಎಂದನಂತೆ. ಇದನ್ನು ಗಿರಿಜವ್ವ ಫೋನಿನಲ್ಲಿ ಹೇಳುವಾಗ ನಾನು ಮಂದಾಕಿನಿಯ ಮಡಿಲಲ್ಲಿದ್ದೆ. ಚನ್ನವೀರಪ್ಪನವರೋ ಓಣಿಯವರಿಗೆಲ್ಲ ಮೊಬೈಲ್ ಹಿಡಿದು ತೋರಿಸುತ್ತಿದ್ದರು: “ನೋಡ್ರಿ, ಅದು ನನ್ನ ಹೆಲ್ಮೆಟ್ರಿ!”

ಮಂದಾಕಿನಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮದುವೆಯೂ ಆಯಿತು. ಗಂಡನಿಗೆ ಸರಣಿಯ ಒಂದು ಜೋಕೂ ತಿಳಿಯುವುದಿಲ್ಲ. ಆದರೆ ಗಿರಿಜವ್ವ ಅಲ್ಲಿಗೆ ಹೋಗಿ ಇಬ್ಬರು ಹೆಂಗಸರೂ ನೋಡುತ್ತ ಕೂತಾಗ ಮಿರ್ಚಿ ಕರಿದು ತಂದುಕೊಡುತ್ತಾನೆ. ನನ್ನನ್ನು ಅವಳು ಗಿರಿಜವ್ವನಿಗೆ ಕೊಟ್ಟು ಹೋದಳು.

ಈಗ ನಾನು ಅವರ ಟಿವಿಯ ಪಕ್ಕದ ಮಾಡದಲ್ಲಿದ್ದೇನೆ. ಬೆಳ್ಳಿ ಬಣ್ಣ ಅಲ್ಲಲ್ಲಿ ಎದ್ದಿದೆ, ಒಂದು ಜಾಲರಿ ಉದುರಿದೆ. ತಲೆ ಕಾಯಲೆಂದು ಹುಟ್ಟಿದವನು, ಒಂದು ಸಲವೂ ಪೆಟ್ಟು ತಿನ್ನಲಿಲ್ಲ. ಆದರೂ ವ್ಯರ್ಥವಾಗಿ ಬಾಳಿದೆ ಎಂದು ನನಗೆ ಅನಿಸುವುದಿಲ್ಲ.

ಮೊನ್ನೆ ನಿರ್ದೇಶಕಿ ಫೋನು ಮಾಡಿದ್ದಳು. ಸರಣಿಯ ಎರಡನೇ ಭಾಗ ಶುರುವಾಗುತ್ತದಂತೆ, ಆ ಹೆಲ್ಮೆಟ್ ಕಳಿಸಿಕೊಡುವಿರಾ ಎಂದು ಕೇಳಿದಳು.

ಗಿರಿಜವ್ವ ನನ್ನ ಕಡೆ ನೋಡಿ, “ಅದು ರಿಟೈರ್ ಆಗೇತ್ರಿ,” ಎಂದರು. “ಬೇಕಂದ್ರ ನಾ ಬರ್ತೇನಿ.”

ಆ ಕಡೆ ನಿರ್ದೇಶಕಿ ನಕ್ಕಳು. ಆಮೇಲೆ, “ಸೋಮವಾರ ಬರ್ರಿ, ಕಾಕು,” ಎಂಬುದು ಕೇಳಿಸಿತು. ಗಿರಿಜವ್ವ ಆಗಲೇ, ಯಾವ ಸೀರೆ ಉಡಲಿ ಎಂದು ಕಪಾಟಿನ ಬಾಗಿಲು ತೆರೆದಿದ್ದರು.