ಗೀರು ಬೀಳದ ಶೀಟು

ಕುಸುಮಾವತಿ ಸೆರಗಿನ ತುದಿಯಿಂದ, ಶವವಿಡಲು ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯ ಮುಚ್ಚಳವನ್ನು ಗಸಗಸ ಉಜ್ಜುತ್ತಿದ್ದಳು. ಒಳಗೆ ಗಂಡ ರಾಮದಾಸ ಮಲಗಿದ್ದ. ಅದೆಷ್ಟು ಮನೆಯವರು ಹೀಗೆಯೇ ಉಜ್ಜಿ ಉಜ್ಜಿ ಅತ್ತಿದ್ದರೋ, ಮುಚ್ಚಳದ ಪ್ಲಾಸ್ಟಿಕ್ಕು ಗೀರುಗಳಿಂದ ಪೂರ್ತಿ ಮಬ್ಬಾಗಿತ್ತು. ಕೆಳಗೊಂದು ಮುಖವಿದೆ ಎಂಬುದಷ್ಟೇ ತಿಳಿಯುತ್ತಿತ್ತು.

"ನೋಡು, ಈಗ ಅಲುಗಿತು. ಇವರ ರೆಪ್ಪೆ."

"ಅದು ವೆರುಂ ಮಂಜಾಣ್ ಅಮ್ಮಾ," ಎಂದಳು ಮಗಳು ಅನ್ವಿತಾ. ಕಾಕ್ಕನಾಡಿನ ಈ ಫ್ಲಾಟಿನಲ್ಲೇ ಬೆಳೆದವಳು; ತಾಯಿಯ ಕಾಸರಗೋಡು ಕನ್ನಡಕ್ಕೆ ಅವಳ ಉತ್ತರ ಯಾವತ್ತೂ ಮಲಯಾಳದಲ್ಲೇ. ತಾಯಿ ತಿರುಗಿಯೂ ನೋಡದಿದ್ದಾಗ ಕನ್ನಡಕ್ಕೆ ಇಳಿದಳು. "ಬರೀ ಮಂಜು. ಡಾಕ್ಟರ್ ನೋಡಿ ಹೇಳಿದ್ದಾರಲ್ಲ."

"ಡಾಕ್ಟ್ರಿಗೆ ಎಂತ ಗೊತ್ತುಂಟು? ನಾನು ಕಣ್ಣಾರೆ ನೋಡ್ತಾ ಇದ್ದೇನೆ. ಜೀವ ಇರುವವರನ್ನು ಶ್ಮಶಾನಕ್ಕೆ ಕಳಿಸುದಿಲ್ಲ ನಾನು. ನಟರಾಜ ಬಂದರೂ ಅಷ್ಟೆ."

ನಟರಾಜ ರಾಮದಾಸನ ತಮ್ಮ. ಕಾಸರಗೋಡಿನಿಂದ ಅವನು ಬರುತ್ತಿದ್ದ ರೈಲು ತಡವಾಗಿತ್ತು. ಅವನು ಬಂದೊಡನೆ ಹೊರಡುವುದೆಂದು ಎಲ್ಲರೂ ಕಾಯುತ್ತಿದ್ದರು.

ಬಿಸಿಲು ಬೀಳದಿರಲೆಂದು ಕರ್ಟನ್ ಎಳೆದಿದ್ದ ಕೋಣೆಯಲ್ಲಿ, ತಲೆಯ ಬಳಿಯ ದೀಪ ಬಿಟ್ಟರೆ ಬೆಳಕಿದ್ದುದು ಮೂಲೆಯ ಗೇಮ್ ಪೆಟ್ಟಿಗೆಯಲ್ಲಿ. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಸ್ಕ್ರೀನು, ಜಾಯ್‌ಸ್ಟಿಕ್ಕು, ಬಣ್ಣಬಣ್ಣದ ಗುಂಡಿಗಳು. ಎಲ್ಲವೂ ರಾಮದಾಸ ಕೈಯಾರೆ ಕೂಡಿಸಿದ್ದು. ನಿನ್ನೆ ಅದರ ಮುಂದಿನ ಸ್ಟೂಲಿನಿಂದಲೇ ಅವನು ಕುಸಿದದ್ದು. ಆಡುವವರಿಲ್ಲದಾಗ ಅದು ತನ್ನಷ್ಟಕ್ಕೆ ತಾನೇ ಆಡಿ ತೋರಿಸುತ್ತದೆ. ನಿನ್ನೆಯಿಂದ ಆಡುತ್ತಲೇ ಇತ್ತು. ಸ್ವಿಚ್ಚಿನ ಹತ್ತಿರ ಹೋದವರನ್ನೆಲ್ಲ ಕುಸುಮಾವತಿ ಗದರಿಸಿ ಹಿಂದೆ ಕಳಿಸಿದ್ದಳು.

*

ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದ ರಾಮದಾಸನಿಗೆ ನಿವೃತ್ತಿಯ ಮೇಲೆ ಹಿಡಿದ ಹುಚ್ಚು ಆ ಗೇಮ್ ಪೆಟ್ಟಿಗೆ. ಮೊದಲ ನೌಕರಿ ತಿರುವನಂತಪುರದಲ್ಲಿ. ಆಗ ಆಡಿಟ್ ಎಂದು ಹೇಳಿ ಮನೆಗೆ ತಡವಾಗಿ ಬರುತ್ತಿದ್ದವನು ನಿಜಕ್ಕೂ ಇರುತ್ತಿದ್ದುದು ಬಸ್‌ಸ್ಟ್ಯಾಂಡಿನ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಎಂಬುದು ಹೆಂಡತಿಗೆ ತಿಳಿದದ್ದು ಈ ಪೆಟ್ಟಿಗೆ ಶುರುವಾದ ಮೇಲೆ.

"ಅಂತೂ ನನ್ನ ಸವತಿ ಮನೆಗೇ ಬಂದಳು," ಎಂದು ಅವಳು ಕಾಡಿಸಿದ್ದಳು.

ಸ್ಕ್ರೀನಿನ ಮುಂದೆ ಯಾವ ಶೀಟು ಹಾಕುವುದೆಂಬ ಒಂದೇ ಚಿಂತೆಯಲ್ಲಿ ಮಳೆಗಾಲ ಕಳೆಯಿತು. ಗಾಜಿಗೆ ಸುಲಭಕ್ಕೆ ಗೀರು ಬೀಳದು, ಆದರೆ ಆಟದ ಆವೇಶದಲ್ಲಿ ಕೈ ಬಡಿದರೆ ಒಡೆದೀತು. ಪಾಲಿಕಾರ್ಬೊನೇಟು ಸುತ್ತಿಗೆಗೂ ಜಗ್ಗದು, ಆದರೆ ಅದಕ್ಕೆ ಗೀರು ಬೀಳಲು ಹೆಚ್ಚೇನೂ ಬೇಡ. ಸಾದಾ ಅಕ್ರಿಲಿಕ್ಕು ಒರೆಸಿ ಒರೆಸಿಯೇ ಮಂಕಾಗುತ್ತದೆ. ಕೊನೆಗೆ ಮೇಲೆ ಗಟ್ಟಿ ಲೇಪ ಕೊಟ್ಟ ಅಕ್ರಿಲಿಕ್ಕಿನ ತುಂಡೊಂದು ಸಿಕ್ಕಾಗ, ಎಲ್ಲವನ್ನೂ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದ.

"ನಿನ್ನ ಕೈ ಕೊಡು ಮಾರಾಯ್ತಿ."

"ಎಂತಕ್ಕೆ?"

"ಬಳೆ ಬೇಕು."

ಅವಳ ಮಣಿಕಟ್ಟು ಹಿಡಿದು ಒಂದೊಂದರ ಮೇಲೂ ಬಳೆ ಉಜ್ಜಿಸಿ, ಕನ್ನಡಕ ಹಣೆಗೇರಿಸಿ ನೋಡಿದ. ಅತ್ತ ಸಾರು ಉಕ್ಕಿ ಒಲೆ ಆರಿತು. ಮದುವೆಯ ಹೊಸತರಲ್ಲೂ ಅವನು ಅಷ್ಟು ಹೊತ್ತು ಅವಳ ಕೈ ಹಿಡಿದವನಲ್ಲ. ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಲೇಪದ ಶೀಟೇ ಗೆದ್ದಿತು. ಅಳತೆಗೆ ಕತ್ತರಿಸಿ ಬಂದದ್ದನ್ನು ಗೋಡೆಗೆ ಒರಗಿಸಿಟ್ಟು, ನಾಳೆ ಕೂರಿಸುತ್ತೇನೆ ಎಂದಿದ್ದ.

*

ಆ ಶೀಟಿನ ಮೇಲೆ ಅನ್ವಿತಾಳ ಕಣ್ಣು ಬಿತ್ತು.

"ಚೇಟ್ಟಾ," ಎಂದು ಹೊರಗೆ ಕಾಯುತ್ತಿದ್ದ ಫ್ರೀಜರ್ ತಂದವನನ್ನು ಕರೆದು, ತಲೆಯ ಕಡೆಯ ಮುಚ್ಚಳ ಬಿಚ್ಚಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಆದರೆ ತೆರೆದಿಟ್ಟರೆ ತಂಪು ಹೋಗುತ್ತದೆ ಎಂದ.

"ತೆರೆದಿಡಲ್ಲ. ಇದನ್ನು ಇಡೋಣ. ಅಮ್ಮ ಒಂದು ಸಲ ಸರಿಯಾಗಿ ನೋಡಲಿ."

ಶೀಟಿನ ಎರಡೂ ಬದಿಗೆ ಅಂಟಿದ್ದ ರಕ್ಷಣೆಯ ಕಾಗದ ಸುಲಿದಳು. ಇಬ್ಬರೂ ಸೇರಿ ಮುಚ್ಚಳ ಎತ್ತಿ, ಅದರ ಜಾಗದಲ್ಲಿ ಶೀಟು ಇಟ್ಟರು.

ನಡುವೆ ಏನೂ ಇಲ್ಲವೆನ್ನುವಷ್ಟು ಅದು ತಿಳಿಯಾಗಿತ್ತು. ಮೂಗಿನ ಹತ್ತಿ, ಗಲ್ಲದ ಬಿಳಿ ಕೂದಲು, ಎಲ್ಲ ಕಂಡವು. ಗೇಮಿನ ಬೆಳಕು ಕೆಂಪಾಗಿ ನೀಲಿಯಾಗಿ ಮುಖದ ಮೇಲೆ ಹಾದುಹೋಯಿತು. ಮುಖ ಅಲುಗಲಿಲ್ಲ. ಇಷ್ಟು ಹೊತ್ತು ಆ ಬೆಳಕೇ ಗೀರುಗಳಲ್ಲಿ ಚೆದುರಿ ರೆಪ್ಪೆಯಾಡಿಸುತ್ತಿತ್ತೆಂದು ಅನ್ವಿತಾಗೆ ಹೊಳೆಯಿತು. ತಾಯಿಗೂ ಹೊಳೆದಿರಬೇಕು. ಅವಳು ಬಹಳ ಹೊತ್ತು ನೋಡಿದಳು.

"ಇದು ಬೇಡ ಮಗಾ. ಹಳೇದನ್ನೇ ಇಡು."

"ಅಮ್ಮಾ..."

"ನಟರಾಜ ಬರುವವರೆಗಾದರೂ ಇಡು."

ಅನ್ವಿತಾಗೆ ಇಲ್ಲವೆನ್ನಲಾಗಲಿಲ್ಲ. ಹಳೆಯ ಮುಚ್ಚಳ ಮರಳಿತು. ಅದರ ಕೆಳಗೆ ರೆಪ್ಪೆ ಮತ್ತೆ ಅಲುಗತೊಡಗಿತು. ಈ ಸಲ ಅವಳೂ ತಾಯಿಯ ಪಕ್ಕ ಕೂತು ನೋಡಿದಳು. ಭಯವಾಯಿತು, ಆದರೂ ಕಣ್ಣು ಕೀಳಲು ಆಗಲಿಲ್ಲ.

ನಟರಾಜ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಪೆಟ್ಟಿಗೆಯ ಮೇಲೆ ಬಾಗಿದ. ಬಾಗಿದವನು ತಟ್ಟನೆ ತಲೆಯೆತ್ತಿದ.

"ಅತ್ತಿಗೆ, ಅಣ್ಣನ ಕಣ್ಣು ಅಲುಗ್ತಾ ಉಂಟು! ಮುಚ್ಚಳ ತೆಗೀರಿ, ಬೇಗ ತೆಗೀರಿ! ಅಣ್ಣಾ!"

ಅವನು ಎರಡೂ ಕೈಯಿಂದ ಮುಚ್ಚಳ ಬಡಿಯತೊಡಗಿದ. ಅತ್ತು ಬಾಡಿದ ಆ ಮುಖದಲ್ಲಿ ಉಕ್ಕಿದ ಆಸೆಯನ್ನು ಕುಸುಮಾವತಿ ಕಂಡಳು. ಮಗಳ ಭುಜ ಹಿಡಿದು ಎದ್ದಳು. ಮೂಲೆಗೆ ಹೋಗಿ, ಗೇಮ್ ಪೆಟ್ಟಿಗೆಯ ಹಿಂದೆ ಕೈ ಹಾಕಿ, ಸ್ವಿಚ್ಚು ಆರಿಸಿದಳು.

ಸ್ಕ್ರೀನಿನಲ್ಲಿ ಓಡುತ್ತಿದ್ದ ಪುಟ್ಟ ಗೊಂಬೆ ಅರ್ಧ ಜಿಗಿತದಲ್ಲೇ ಮಾಯವಾಯಿತು. ಮುಚ್ಚಳದ ಕೆಳಗೆ ರೆಪ್ಪೆ ನಿಂತಿತು. ನಟರಾಜ ಇನ್ನೂ ಅಣ್ಣನನ್ನು ಕರೆಯುತ್ತಲೇ ಇದ್ದ.