ಸಮಾಧಿಕಲ್ಲಿನ ಮೇಲೊಂದು ‘ಮ’

ಎಪ್ಪತ್ತು ತುಂಬಿದ ವಾರ ಮೇಸ್ತ್ರಿ ತಮ್ಮ ಮತ್ತು ಹೆಂಡತಿಯ ಸಮಾಧಿಕಲ್ಲನ್ನು ತಾವೇ ಕೆತ್ತಿಡುವುದೆಂದು ತೀರ್ಮಾನಿಸಿದರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬಲಗಣ್ಣಿಗೆ ಪೊರೆ ಬಂದಿದೆ, ತೆಗೆಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೊಂದು ಬಿಟ್ಟರೆ ಆಳು ಗಟ್ಟಿಮುಟ್ಟಾಗಿಯೇ ಇದ್ದರು. ನಲವತ್ತೈದು ವರ್ಷ ಊರಿನವರ ಹೆಸರನ್ನೆಲ್ಲ ಕಲ್ಲಿಗೆ ಇಳಿಸಿದ ಮನುಷ್ಯ, ತನ್ನ ಹೆಸರನ್ನು ಇನ್ನೊಬ್ಬರ ಕೈಗೆ ಕೊಡಲು ತಯಾರಿರಲಿಲ್ಲ, ಅಷ್ಟೆ. ಪೇಟೆಯಲ್ಲಿ ಈಗ ಮೆಷಿನ್ನಿನಲ್ಲಿ ಅಕ್ಷರ ಕೊರೆಯುತ್ತಾರೆ. ಆ ಅಕ್ಷರಗಳಿಗೆ ಕಣ್ಣುಮೂಗು ಇಲ್ಲ ಎಂಬುದು ಅವರ ದೂರು.

ಹೆಂಡತಿಗೂ ಇದು ಸರಿ ಎನಿಸಿತು. ಗಿರಾಕಿಗಳು ಆಕೆಯನ್ನು ಬಣ್ಣದಮ್ಮ ಎಂದು ಕರೆಯುತ್ತಿದ್ದರು. ಮೇಸ್ತ್ರಿ ಕೆತ್ತಿದ ಅಕ್ಷರಗಳ ಹಳ್ಳಕ್ಕೆ ಸಣ್ಣ ಕುಂಚದಿಂದ ಕಪ್ಪು ಬಣ್ಣ ತುಂಬುವುದು ಅವರ ಕೆಲಸ. ಬಣ್ಣ ಅಂಚು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ಕೆತ್ತಬೇಕು, ಹೆಂಡತಿ ತುಂಬಬೇಕು, ಹೀಗೆ ಒಂದು ಸಂಸಾರವೇ ನಡೆದಿತ್ತು.

ಮೇಸ್ತ್ರಿ ಪ್ರೊಟೆಸ್ಟೆಂಟ್ ಸಭೆಯವರು, ಬಣ್ಣದಮ್ಮ ಕ್ಯಾಥೊಲಿಕ್. ಮದುವೆಯ ಕಾಲಕ್ಕೆ ಎರಡೂ ಕಡೆಯವರು ಮುಖ ಸಿಂಡರಿಸಿದ್ದರು. ಹಾಗಾಗಿ ಇಬ್ಬರೂ ಮೊದಲೇ ಕೂತು ಕರಾರು ಮಾಡಿಕೊಂಡಿದ್ದರು. ಭಾನುವಾರ ಅವರವರ ಚರ್ಚಿಗೆ ಅವರವರು ಹೋಗುವುದು, ಮುಗಿದ ಮೇಲೆ ಮೂಲೆಯ ಟೀ ಅಂಗಡಿಯಲ್ಲಿ ಸೇರಿ ಒಟ್ಟಿಗೆ ಮನೆಗೆ ಬರುವುದು. ಅಡುಗೆಮನೆಯ ಗೋಡೆಯಲ್ಲಿ ದೇವಮಾತೆಯ ಗೇಣುದ್ದದ ಪ್ರತಿಮೆ ಇರಬಹುದು, ಹಜಾರಕ್ಕೆ ಬರಕೂಡದು. ಸಂಜೆ ಆರಕ್ಕೆ ಬಣ್ಣದಮ್ಮ ಜಪಸರ ಹಿಡಿದು ಕೂರುವ ಹೊತ್ತಿಗೆ ಮೇಸ್ತ್ರಿ ಹಿತ್ತಲ ಶೆಡ್ಡಿಗೆ ಹೋಗಿ ಉಳಿಗಳನ್ನು ಮಸೆಯಬೇಕು. ಈ ಕರಾರಿನಿಂದಾಗಿ ಅವರ ಉಳಿಗಳು ಊರಿಗೇ ಚೂಪಾಗಿದ್ದವು.

ಜಗಳ ಇರಲಿಲ್ಲ ಎಂದಲ್ಲ. ಮೇಸ್ತ್ರಿಯ ಕನ್ನಡಕ ಕಳೆದಾಗಲೆಲ್ಲ ಬಣ್ಣದಮ್ಮ ಕಳೆದ ವಸ್ತು ಹುಡುಕಿಕೊಡುವ ಸಂತರನ್ನು ನೆನೆಯುತ್ತಿದ್ದರು, ಕನ್ನಡಕ ಸಿಗುತ್ತಿತ್ತು. ಹುಡುಕಿದ್ದು ನೀನು, ಹೆಸರು ಮಾತ್ರ ಅವರಿಗಾ ಎಂದು ಮೇಸ್ತ್ರಿ ರೇಗಿಸುತ್ತಿದ್ದರು. ಎಲ್ಲಿ ಹುಡುಕಬೇಕು ಅಂತ ಹೇಳಿದವರು ಯಾರು ಮತ್ತೆ ಎಂದು ಇವರು. ಇಂಥ ಜಗಳಗಳು ಊಟದ ಹೊತ್ತಿಗೆ ಮುಗಿದು ಹೋಗುತ್ತಿದ್ದವು.

ಬೂದು ಬಣ್ಣದ ಒಂದು ಅಗಲವಾದ ಕಲ್ಲನ್ನು ಮೇಸ್ತ್ರಿ ವರ್ಷಗಳಿಂದ ಯಾರಿಗೂ ಕೊಡದೆ ಗೋಡೆಗೆ ಒರಗಿಸಿಟ್ಟಿದ್ದರು. ಅದನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿ, ನಡುವೆ ಪೆನ್ಸಿಲಿನಿಂದ ಗೆರೆ ಎಳೆದು, ಎಡಗಡೆ ನನ್ನದು, ಬಲಗಡೆ ನಿನ್ನದು, ಏನೇನು ಬೇಕೋ ಚೀಟಿಯಲ್ಲಿ ಬರೆದುಕೊಡು ಎಂದರು. ಊರಿನ ಸ್ಮಶಾನ ಎರಡೂ ಪಂಗಡಕ್ಕೆ ಒಂದೇ ಆದ್ದರಿಂದ ಜೋಡಿಕಲ್ಲಿಗೆ ಅಡ್ಡಿಯಿರಲಿಲ್ಲ.

ಬಣ್ಣದಮ್ಮ ಚೀಟಿ ಕೊಟ್ಟರು. ಹೆಸರು, ಹುಟ್ಟಿದ ವರ್ಷ, ಅದರ ಕೆಳಗೆ ಒಂದು ಸಾಲು: ದೇವಮಾತೆಯೇ, ನಮಗಾಗಿ ಪ್ರಾರ್ಥಿಸು.

ಮೇಸ್ತ್ರಿ ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು.

“ಇದನ್ನ ಕೆತ್ತೋಕಾಗಲ್ಲ ಕಣೆ.”

“ಎಷ್ಟು ಜನಕ್ಕೆ ಕೆತ್ತಿಕೊಟ್ಟಿದ್ದೀರಿ. ಬಣ್ಣ ತುಂಬಿದವಳು ನಾನು, ನನಗೆ ಗೊತ್ತಿಲ್ವಾ?”

“ಗಿರಾಕಿ ಮಾತು ಕೆತ್ತೋದು ಕೆಲಸ. ನನ್ನ ಹೆಸರಿರೋ ಕಲ್ಲಲ್ಲಿ ಕೆತ್ತೋದು ಸಾಕ್ಷಿ ಹೇಳಿದ ಹಾಗೆ. ದೇವರಿಗೂ ನಮಗೂ ನಡುವೆ ಇರೋನು ಆ ತಾಯಿಯ ಮಗ ಒಬ್ಬನೇ. ಇನ್ನೊಬ್ಬರನ್ನ ಕರೆಯೋಕೆ ನನಗೆ ಮನಸ್ಸು ಬರಲ್ಲ.”

ಬಣ್ಣದಮ್ಮ ವಾದ ಮಾಡಲಿಲ್ಲ. ಕುಂಚಗಳನ್ನು ತೊಳೆದು ಒಣಗಲು ಇಟ್ಟು ಒಳಗೆ ಹೋದರು. ಅದು ವಾದಕ್ಕಿಂತ ಕೆಟ್ಟದ್ದು ಎಂದು ಮೇಸ್ತ್ರಿಗೆ ಗೊತ್ತಿತ್ತು.

ಮರುದಿನ ತಿಂಡಿಯ ಹೊತ್ತಿಗೆ ಮೇಸ್ತ್ರಿಯೇ ಒಂದು ಮೆಟ್ಟಿಲು ಇಳಿದು ಬಂದರು. ನಿನ್ನ ಅರ್ಧ ನಿನ್ನದು, ಸಾಲು ಕೆತ್ತುತ್ತೇನೆ, ಆದರೆ ಒಂದೇ ಒಂದು ಅಕ್ಷರ ಬದಲಾಯಿಸುತ್ತೇನೆ ಎಂದರು. ‘ನಮಗಾಗಿ’ ಎಂಬಲ್ಲಿ ‘ಮ’ ತೆಗೆದು ‘ನ’ ಹಾಕಿದರೆ ‘ನನಗಾಗಿ’ ಆಗುತ್ತದೆ. ಅಲ್ಲಿಗೆ ಅವಳ ಬೇಡಿಕೆ ಅವಳದು, ತಾನು ಅದರಲ್ಲಿ ಸೇರಿಲ್ಲ. ಅಳತೆಯೂ ಹೆಚ್ಚುಕಡಿಮೆ ಅಷ್ಟೇ, ಸಾಲಿನ ಅಂದವೂ ಕೆಡುವುದಿಲ್ಲ. ತಮ್ಮ ಉಪಾಯಕ್ಕೆ ತಾವೇ ಮೆಚ್ಚಿ ಟೀ ಲೋಟ ಎತ್ತಿಕೊಂಡರು.

“ನಿಮ್ಮನ್ನ ಬಿಟ್ಟು ನಾನು ಒಂದು ದಿನಾನೂ ಕೇಳಿಕೊಂಡಿಲ್ಲ,” ಎಂದರು ಬಣ್ಣದಮ್ಮ. “ಕಲ್ಲಿನ ಮೇಲೆ ಮಾತ್ರ ಯಾಕೆ ಬಿಡಲಿ?”

ಮೇಸ್ತ್ರಿ ಲೋಟ ಕೆಳಗಿಟ್ಟರು. ಪಟ್ಟು ಮಾತ್ರ ಬಿಡಲಿಲ್ಲ.

ಹದಿನೈದು ದಿನ ಕಲ್ಲು ಹಾಗೆಯೇ ಮಲಗಿತ್ತು. ಬಣ್ಣದಮ್ಮ ತಮ್ಮ ಫಾದರನ್ನು ಕೇಳಿದರೆ ಅವರು, ಆ ಸಾಲು ಇರಲೇಬೇಕೆಂದು ನಿಯಮವೇನಿಲ್ಲ, ಮನೆಯಲ್ಲಿ ನೆಮ್ಮದಿ ಮುಖ್ಯ ಎಂದುಬಿಟ್ಟರು. ಫಾದರ್ ಮದುವೆಯಾದವರಲ್ಲ, ಅವರಿಗೇನು ತಿಳಿಯುತ್ತದೆ ಎಂದುಕೊಂಡು ಬಣ್ಣದಮ್ಮ ಆ ಮಾತನ್ನು ಮನೆಯಲ್ಲಿ ಹೇಳಲೇ ಇಲ್ಲ. ಮೇಸ್ತ್ರಿ ತಮ್ಮ ಪಾಸ್ಟರನ್ನು ಕೇಳಿದರೆ ಅವರು, ಕೆತ್ತಕೂಡದು ಎಂದು ಅರ್ಧ ಗಂಟೆ ವಿವರಿಸಿದರು. ತಾವು ಹೇಳಿದ್ದನ್ನೇ ಇನ್ನೊಬ್ಬರು ಅಷ್ಟು ಹೊತ್ತು ಹೇಳಿದಾಗ ಅದು ಯಾಕೋ ಮೇಸ್ತ್ರಿಗೆ ಹಿಡಿಸಲಿಲ್ಲ.

ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ರಜೆಯ ದಿನ ಬಂದಳು. ಇಬ್ಬರೂ ಅವಳ ಮುಂದೆ ಬೇರೆಬೇರೆಯಾಗಿ ದೂರು ಹೇಳಿಕೊಂಡರು.

“ಸತ್ತ ಮೇಲೆ ಜಗಳ ಆಡೋಕಾಗಲ್ಲ ಅಂತ ಈಗಲೇ ಮುಂಗಡವಾಗಿ ಆಡಿ ಮುಗಿಸ್ತಿದ್ದೀರಾ?” ಎಂದಳು ಅವಳು. “ಅಷ್ಟು ಕಷ್ಟ ಆದ್ರೆ ಎರಡು ಕಲ್ಲು ಮಾಡಿ.”

ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ತಿರುಗಿ, ಏನೋ ಕೆಟ್ಟ ಮಾತು ಬಾಯಿಂದ ಬಿದ್ದಂತೆ ಅವಳನ್ನು ನೋಡಿದರು. ಮಗಳು ನಕ್ಕು, ಅಪ್ಪನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿ ಹೋದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: ಮೂರು ವಾರ ಕಲ್ಲಿನ ಧೂಳಿನ ಹತ್ತಿರ ಸುಳಿಯಕೂಡದು, ಬಗ್ಗಕೂಡದು, ಭಾರ ಎತ್ತಕೂಡದು. ಶೆಡ್ಡಿಗೆ ಬೀಗ ಬಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮೇಸ್ತ್ರಿ ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಮಲಗಿದರು.

ಆ ಸಂಜೆ ಆರು ಗಂಟೆಗೆ ಏನಾಗಬೇಕೋ ಅದೇ ಆಯಿತು. ಬಣ್ಣದಮ್ಮ ಬಾಗಿಲಿಗೆ ಬಂದು, ಇವತ್ತು ಮೆಲ್ಲಗೆ ಹೇಳಿಕೊಳ್ಳುತ್ತೇನೆ ಎಂದರು. ಕರಾರು ಮುರಿದದ್ದು ನೀನಲ್ಲ, ಡಾಕ್ಟರು, ನಿನ್ನ ದನಿಯಲ್ಲೇ ಹೇಳಿಕೋ ಎಂದರು ಮೇಸ್ತ್ರಿ.

ಇಷ್ಟು ವರ್ಷದಲ್ಲಿ ಅವರು ಆ ಪ್ರಾರ್ಥನೆಯನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಒಂದೇ ಮಾತನ್ನು ಗಿಳಿಪಾಠದಂತೆ ಒಪ್ಪಿಸುವುದು ಎಂದು ಅವರು ತಿಳಿದಿದ್ದರು. ಒಪ್ಪಿಸುವುದೇನೋ ಹೌದು. ಆದರೆ ಹತ್ತು ಮಣಿ ಮುಗಿದ ಕಡೆಯಲ್ಲೆಲ್ಲ ಬಣ್ಣದಮ್ಮ ಸ್ವಲ್ಪ ನಿಲ್ಲಿಸಿ, ಕಾಂಪೌಂಡಿನ ಆಚೆ ನಿಂತ ನೆರೆಯವಳ ಜೊತೆ ಮಾತಾಡುವಂತೆ ಮಾತಾಡುತ್ತಿದ್ದರು. ಮಗಳಿಗೆ ಆಫೀಸಿನಲ್ಲಿ ಬೆನ್ನು ನೋವು, ಆ ಕುರ್ಚಿ ಸರಿಯಿಲ್ಲ. ಎದುರುಮನೆಯಾಕೆಗೆ ತಂಗಿಯ ಜೊತೆ ಮಾತಿಲ್ಲ, ಏನಾದರೂ ಮಾಡು. ಕೊನೆಗೆ ಇವರ ಸರದಿ ಬಂತು. ಇವರಿಗೆ ಸುಮ್ಮನೆ ಮಲಗಿ ಅಭ್ಯಾಸವಿಲ್ಲ, ಸಿಡಿಮಿಡಿ ಮಾಡುತ್ತಾರೆ, ಕಣ್ಣು ಚೆನ್ನಾಗಿ ಬರಲಿ, ನಿನ್ನ ಮಗನಿಗೆ ಒಂದು ಮಾತು ಹೇಳು.

“ನೇರವಾಗಿ ಅವನಿಗೇ ಹೇಳಬಾರದಾ?” ಮೇಸ್ತ್ರಿ ಕೋಣೆಯಿಂದ ಕೇಳಿದರು.

“ಹೇಳಿದ್ದೀನಿ. ಇಬ್ಬರಿಗೂ ಹೇಳಿದ್ದೀನಿ. ನೀವು ಮಲಗಿ.”

ಮೇಸ್ತ್ರಿಗೆ ನಗು ಬಂತು. ನಕ್ಕರೆ ಕಣ್ಣು ಅದುರುತ್ತದೆಂದು ತಡೆದುಕೊಂಡರು.

ಹೀಗೆ ನಾಲ್ಕೈದು ಸಂಜೆ ಕಳೆಯಿತು. ಆರು ಗಂಟೆಯಾಗುವುದನ್ನು ತಾವು ಕಾಯುತ್ತಿರುವುದು ಮೇಸ್ತ್ರಿಗೆ ಗೊತ್ತಾಯಿತು. ಆರನೆಯ ಸಂಜೆ ಬಣ್ಣದಮ್ಮ ಒಂದು ಹೆಸರು ಹೇಳಿದರು. ಅವರ ಮೊದಲ ಮಗುವಿನ ಹೆಸರು. ಹನ್ನೊಂದು ದಿನ ಬದುಕಿದ್ದ ಗಂಡು ಮಗು. ಮಗಳು ಹುಟ್ಟುವುದಕ್ಕೂ ಮೊದಲಿನ ಮಾತು. ಮೇಸ್ತ್ರಿಯೇ ಅಂಗೈ ಅಗಲದ ಕಲ್ಲು ಕೆತ್ತಿದ್ದರು, ಬರೀ ಹೆಸರು, ಬೇರೆ ಏನೂ ಇಲ್ಲ. ಆಮೇಲೆ ಮನೆಯಲ್ಲಿ ಆ ಹೆಸರು ಎತ್ತಿದವರಿರಲಿಲ್ಲ.

ಜಪ ಮುಗಿದ ಮೇಲೆ ಅವರು ಹೆಂಡತಿಯನ್ನು ಕರೆದರು. ಬಣ್ಣದಮ್ಮ ಬಂದು ಮಂಚದ ಅಂಚಿನಲ್ಲಿ ಕೂತರು.

“ಅವನ ಹೆಸರು ದಿನಾ ಹೇಳ್ತೀಯಾ?”

“ದಿನಾ ಹೇಳ್ತೀನಿ. ನೀವು ಇಲ್ಲಿ ಮಲಗಿದ ಮೇಲೆ ಮಾತ್ರ ಮನಸ್ಸಲ್ಲೇ ಹೇಳ್ತಿದ್ದೆ, ಇವತ್ತು ಬಾಯಿಗೆ ಬಂತು.”

“ನನಗೆ ಗೊತ್ತಿರಲಿಲ್ಲ.”

“ಹೇಳೋ ಹೊತ್ತಿಗೆ ನೀವು ಉಳಿ ಮಸೀತಾ ಇರ್ತಿದ್ರಿ.”

ಬಣ್ಣದಮ್ಮ ತಾವಾಗಿಯೇ ಮುಂದುವರಿಸಿದರು.

“ಮಗು ಹೋದಾಗ ನನಗೆ ದೇವರ ಮೇಲೆ ಎಷ್ಟು ಕೋಪ ಇತ್ತು ಗೊತ್ತಾ. ಮಾತು ಬಿಟ್ಟಿದ್ದೆ. ನೀವು ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರಿ, ನನಗೆ ಬಾಯೇ ಬರ್ತಿರಲಿಲ್ಲ. ಮನೆಯಲ್ಲಿ ಅಪ್ಪನ ಹತ್ರ ಮಾತು ಬಿಟ್ಟಾಗ ಅಮ್ಮನ ಹತ್ರ ಹೇಳಿ ಕಳಿಸಲ್ವಾ, ಹಾಗೆ. ಆ ದೇವಮಾತೆನೂ ಮಗನ್ನ ಮಣ್ಣಿಗೆ ಕೊಟ್ಟವಳು. ಅವಳ ಹತ್ರ ಅಳಬಹುದು ಅನ್ನಿಸ್ತು.”

“ಈಗ?”

“ಈಗ ದೇವರ ಜೊತೆ ಯಾವತ್ತೋ ರಾಜಿ ಆಗಿದೆ. ಆದ್ರೆ ಕಷ್ಟದಲ್ಲಿ ಜೊತೆಗಿದ್ದವಳನ್ನ ಕೆಲಸ ಆಯ್ತು ಅಂತ ಬಿಡೋಕಾಗತ್ತಾ?”

ಮೇಸ್ತ್ರಿ ಕೈ ಚಾಚಿ ಹೆಂಡತಿಯ ಕೈ ಹುಡುಕಿದರು. ಬಣ್ಣದ ವಾಸನೆ ಹೋಗದ ಬೆರಳುಗಳು. ಆ ಕ್ಷಣದಲ್ಲೂ ಅವರ ವಾದವೇನೂ ಬದಲಾಗಿರಲಿಲ್ಲ. ತೀರಿಕೊಂಡವರಿಗೆ ನಮ್ಮ ಮಾತು ಕೇಳಿಸುತ್ತದೆ ಎಂಬುದನ್ನು ಅವರು ಮೊದಲೂ ನಂಬಿರಲಿಲ್ಲ, ಈಗಲೂ ನಂಬಲಿಲ್ಲ. ಅದನ್ನು ಹೇಳಿಯೂ ಹೇಳಿದರು. ತೀರಿಕೊಂಡವರು ಅಂತ ಯಾಕೆ ಅಂದುಕೊಳ್ಳುತ್ತೀರಿ, ದೇವರ ಹತ್ತಿರ ಇರುವವರು ನಮಗಿಂತ ಚೆನ್ನಾಗಿ ಬದುಕಿದ್ದಾರೆ ಎಂದರು ಬಣ್ಣದಮ್ಮ. ಅಲ್ಲಿಗೆ ಆ ಮಾತು ನಿಂತಿತು. ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲವೆಂದು ಅವರು ಎದ್ದು ಹೋದರು.

ಮೂರು ವಾರ ಮುಗಿದು, ದಪ್ಪ ಕನ್ನಡಕ ಹಾಕಿಕೊಂಡು ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿನ ಬೀಗ ತೆಗೆದರು. ಕಲ್ಲಿನ ಬಲಗಡೆಯಿಂದಲೇ ಶುರುಮಾಡಿದರು. ಒಂದು ಕಣ್ಣಿನ ಮಂಜು ಹೋಗಿದ್ದರಿಂದ ಪೆನ್ಸಿಲಿನ ಗೆರೆ ಹೊಸದಾಗಿ ಕಂಡಂತಿತ್ತು. ಹೆಂಡತಿಯ ಹೆಸರು ಮುಗಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬಣ್ಣದಮ್ಮ ಟೀ ತಂದಾಗ ಸಾಲಿನ ಮೊದಲ ಪದ ಮುಗಿದು, ಉಳಿ ‘ನಮಗಾಗಿ’ಯ ‘ಮ’ದ ಬಾಗಿನಲ್ಲಿತ್ತು.

ಬಣ್ಣದಮ್ಮ ಲೋಟ ಹಿಡಿದುಕೊಂಡೇ ನಿಂತರು.

“ಮನಸ್ಸು ಬದಲಾಯ್ತಾ?”

“ಇಲ್ಲ,” ಎಂದರು ಮೇಸ್ತ್ರಿ, ಪುಡಿ ಊದುತ್ತ. “ಕಲ್ಲಿನ ಮೇಲೆ ಸುಳ್ಳು ಕೆತ್ತಬಾರದು ಅಂತ ನನ್ನ ನಿಯಮ. ಅವಳಿಗೆ ಕೇಳಿಸುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನೀನು ದಿನಾ ನನ್ನ ಸೇರಿಸಿಕೊಂಡು ಕೇಳಿದ್ದು ಮಾತ್ರ ನಿಜ. ನಾನೇ ಕಿವಿಯಾರೆ ಕೇಳಿದ್ದೀನಿ. ‘ನನಗಾಗಿ’ ಅಂತ ಕೆತ್ತಿದ್ರೆ ಅದು ಸುಳ್ಳಾಗುತ್ತೆ.”

ಟೀ ಆರುತ್ತಿದೆ ಎಂದು ಮೇಸ್ತ್ರಿಯೇ ಜ್ಞಾಪಿಸಬೇಕಾಯಿತು.

ಆದರೆ ತಮ್ಮ ಅರ್ಧವನ್ನು ಅವರು ಹಾಗೇ ಬಿಡಲಿಲ್ಲ. ಎಡಗಡೆ ತಮ್ಮ ಹೆಸರಿನ ಕೆಳಗೆ, ಅಷ್ಟೇ ಉದ್ದದ, ಅಷ್ಟೇ ಎತ್ತರದ ಅಕ್ಷರಗಳಲ್ಲಿ ಕೆತ್ತಿದರು: ನಮಗೆ ಒಬ್ಬನೇ ಮಧ್ಯಸ್ಥ. ಅಲ್ಲಿ ‘ನನಗೆ’ ಎಂದು ಹಾಕಬಹುದಿತ್ತು. ಹಾಕಲಿಲ್ಲ. ಅವಳು ತನ್ನನ್ನು ಎಳೆದುಕೊಂಡರೆ ತಾನೂ ಅವಳನ್ನು ಎಳೆದುಕೊಳ್ಳುವುದು ನ್ಯಾಯ. ಹೆಂಡತಿ ಈಗ ಜಗಳಕ್ಕೆ ಬರುತ್ತಾಳೆ ಎಂದು ಕಾದು ಕೂತರು.

ಬಣ್ಣದಮ್ಮ ಓದಿದರು. ಓದಿ, ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು.

“ಇದು ನನಗೂ ಒಪ್ಪಿಗೆನೇ. ನಾನು ಯಾವತ್ತು ಇಲ್ಲ ಅಂದೆ?”

“ಮತ್ತೆ ಅವಳನ್ನ ಯಾಕೆ ಕೇಳೋದು?”

“ನಿಮ್ಮ ಸಭೆಯಲ್ಲಿ ಹುಷಾರಿಲ್ಲದವರು ‘ನನಗೋಸ್ಕರ ಪ್ರಾರ್ಥನೆ ಮಾಡಿ’ ಅಂತ ನಿಮ್ಮನ್ನ ಕೇಳಲ್ವಾ? ಕೇಳಿದ ತಕ್ಷಣ ನೀವೇನು ದೇವರಾಗಿಬಿಟ್ರಾ?”

ನಾನು ಬದುಕಿದ್ದೀನಲ್ಲೇ ಎಂದು ಮೇಸ್ತ್ರಿ ಶುರುಮಾಡಿದರು. ಬಣ್ಣ ತುಂಬುವಾಗ ಮಾತಾಡಿಸಬೇಡಿ, ಕೈ ಅಲುಗುತ್ತದೆ ಎಂದರು ಬಣ್ಣದಮ್ಮ. ಅವರ ಕೈ ಅಲುಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಒಣಗಲು ನಿಲ್ಲಿಸಿದ ಕಲ್ಲನ್ನು ಮೇಸ್ತ್ರಿಯ ಸಭೆಯ ಹಿರಿಯರೊಬ್ಬರು ನೋಡಿ ಹುಬ್ಬು ಗಂಟಿಕ್ಕಿದರು. ಎರಡು ಸಾಲೂ ಒಂದೇ ಕಲ್ಲಿನಲ್ಲಿ ಹೇಗೆ ಎಂದು ಕೇಳಿದರು. ಎರಡೂ ಒಂದೇ ಮನೆಯಲ್ಲಿ ನಲವತ್ತೆರಡು ವರ್ಷದಿಂದ ಇವೆ, ಕಲ್ಲಿಗೇನು ಕಷ್ಟ ಎಂದರು ಮೇಸ್ತ್ರಿ. ಹಿರಿಯರು ಇನ್ನೇನೋ ಹೇಳಹೊರಟವರು, ಬಣ್ಣದಮ್ಮ ಟೀ ತಂದದ್ದು ನೋಡಿ ಕುಡಿದು ಹೋದರು.

ಅವರು ಹೋದ ಮೇಲೆ ಬಣ್ಣದಮ್ಮ ಕಲ್ಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಹುಟ್ಟಿದ ವರ್ಷಗಳ ಮುಂದೆ ಎರಡು ಕಡೆಯೂ ಜಾಗ ಖಾಲಿಯಿತ್ತು. ನಾನು ಮೊದಲು ಹೋದರೆ ನೀವು ಕೆತ್ತುತ್ತೀರಿ, ನೀವು ಮೊದಲು ಹೋದರೆ ಆ ನಾಲ್ಕು ಅಂಕಿ ಯಾರು ಕೆತ್ತಬೇಕು ಎಂದು ಕೇಳಿದರು. ಮೆಷಿನ್ನಿನವರ ಕೈಗೆ ಮಾತ್ರ ಕೊಡಬೇಡ ಎಂದರು ಮೇಸ್ತ್ರಿ.

“ಕೊಡಲ್ಲ. ಕುಂಚದಲ್ಲೇ ಬರೀತೀನಿ.”

“ಬರೀ ಬಣ್ಣ ಒಂದು ವರ್ಷಕ್ಕೆ ಅಳಿಸಿಹೋಗುತ್ತೆ.”

“ಹೋಗಲಿ. ವರ್ಷಕ್ಕೊಂದು ಸಲ ಬಂದು ಹೊಸದಾಗಿ ಬರೀತೀನಿ. ನನಗೂ ಬಂದು ಕೂರೋಕೆ ಒಂದು ನೆಪ ಬೇಕಲ್ಲ.”

ಮೇಸ್ತ್ರಿ ಪಕ್ಕದಲ್ಲಿ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. ಬಿಸಿಲು ಶೆಡ್ಡಿನೊಳಗೆ ಬಂದಿತ್ತು, ಬಣ್ಣ ಇನ್ನೂ ಹಸಿಯಿತ್ತು, ಇಬ್ಬರಿಗೂ ಏಳಲು ಅವಸರವಿರಲಿಲ್ಲ.